ಗೋಡೆಯ ಆಕಡೆ ಇಟ್ಟ ಅಂಗೈ

ನಾನು ನಿಂತಿದ್ದದ್ದು ಹೊಸ್ತಿಲ ಮೇಲೆ. ಆದೋನಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಮೋಟಾರು ಕೋಣೆಗೂ ಹತ್ತಿ ಗೋದಾಮಿಗೂ ನಡುವೆ ಒಂದು ಕಲ್ಲಿನ ಗೋಡೆ ಇತ್ತು. ಆ ಗೋಡೆಯ ಕೊನೆಗೆ ಬಾಗಿಲು. ನನ್ನ ಎಡಗಾಲು ಮೋಟಾರು ಕೋಣೆಯಲ್ಲಿ, ಬಲಗಾಲು ಗೋದಾಮಿನಲ್ಲಿ, ಹೆಗಲ ಮೇಲೆ ಕೇಬಲ್ಲಿನ ಸುರುಳಿ. ದಸರೆ ಮುಗಿದು ಹೊಸ ಹತ್ತಿ ಬರಲು ಶುರುವಾದ ವಾರ. ಮಧ್ಯಾಹ್ನದ ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಎಡಕ್ಕೆ ನೋಡಿದರೆ ಹನುಮಂತುವಿನ ಬೆನ್ನು ಕಾಣುತ್ತಿತ್ತು, ಅವನ ಕೈಯಲ್ಲಿ ಹ್ಯಾಮರ್ ಡ್ರಿಲ್ಲು. ಬಲಕ್ಕೆ ನೋಡಿದರೆ ಈರಣ್ಣ ಮೇಸ್ತ್ರಿಯ ಮುಖ, ಗೋಡೆಗೆ ಒತ್ತಿ ಹಿಡಿದ ಅವರ ಎಡಗೈ. ಅವರ ಕಾಲ ಬಳಿ ಹತ್ತಿ ಆರಿಸುವ ಒಬ್ಬ ಹೆಂಗಸು ಕೂತಿದ್ದಳು. ಇಬ್ಬರು ಗಂಡಸರನ್ನೂ ಒಂದೇ ಕಡೆಯಿಂದ ನೋಡಬಹುದಾಗಿದ್ದ ಜಾಗ ಆ ಹೊಸ್ತಿಲೊಂದೇ. ಆದ್ದರಿಂದಲೇ ಆಮೇಲೆ ಎಲ್ಲರೂ ನನ್ನನ್ನು ಕೇಳಿದರು.

ಈಗ ಏಣಿ ಹತ್ತುವುದನ್ನು ಬಿಟ್ಟಿದ್ದೇನೆ. ಬಲಗಿವಿ ಅರ್ಧ ಕೇಳುತ್ತದೆ. ಚಹಾದ ಲೋಟ ಹಿಡಿದರೆ ಬೆರಳುಗಳು ತಾವಾಗಿಯೇ ನಡುಗುತ್ತವೆ, ಮಷಿನ್ನು ಇನ್ನೂ ಕೈಯಲ್ಲೇ ಇದ್ದ ಹಾಗೆ. ಐ.ಟಿ.ಐ. ಮುಗಿಸಿ ವೈರಿಂಗ್ ಕೆಲಸಕ್ಕೆ ಇಳಿದ ಹುಡುಗರು ಆಗಾಗ ಮನೆಗೆ ಬರುತ್ತಾರೆ. 'ಮಷಿನ್ ಇಲ್ದ ಹೆಂಗ ಮಾಡ್ತಿದ್ರಿ ತಾತಾ?' ಎಂದು ಕೇಳುತ್ತಾರೆ. ಅವರಿಗೆ ಬೇಕಾದದ್ದು ಕಷ್ಟದ ಕಥೆ. ಕಷ್ಟ ಇತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ನಾನು ಹೇಳಬೇಕೆಂದಿರುವುದು ಬೇರೆ. ಹಳೆಯ ಹತಾರು ಕೆಳಗಿಟ್ಟು ಹೊಸದನ್ನು ಎತ್ತಿಕೊಂಡಾಗ ಹಳೆಯ ಅಭ್ಯಾಸವನ್ನು ಯಾರೂ ಕೆಳಗಿಡುವುದಿಲ್ಲ. ಅದು ಕೈಯಲ್ಲೇ ಉಳಿದಿರುತ್ತದೆ.

ನಾನು ಕೆಲಸ ಕಲಿತದ್ದು ಈರಣ್ಣ ಮೇಸ್ತ್ರಿಯ ಹತ್ತಿರ. ಆಗ ನಮ್ಮ ಚೀಲದಲ್ಲಿ ಇರುತ್ತಿದ್ದದ್ದು ಸುತ್ತಿಗೆ, ಚಿಕ್ಕ ದೊಡ್ಡ ಉಳಿಗಳು, ಗರಗಸ, ಕಟಿಂಗ್ ಪ್ಲೇಯರ್, ಟೆಸ್ಟರ್, ಎದೆಗೆ ಒತ್ತಿಕೊಂಡು ತಿರುಗಿಸುವ ಒಂದು ಕೈ ಡ್ರಿಲ್ಲು. ಸ್ವಿಚ್ಚಿನ ಪೆಟ್ಟಿಗೆ ಕೂರಿಸಬೇಕಾದರೆ ಗೋಡೆಯಲ್ಲಿ ಉಳಿಯಿಂದ ಗುಂಡಿ ತೆಗೆದು, ಮರದ ಬೆಣೆ ಬಡಿದು, ಬೆಣೆಗೆ ಸ್ಕ್ರೂ ಹಾಕಬೇಕು. ಒಂದು ಮನೆ ಮುಗಿಯುವಷ್ಟರಲ್ಲಿ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಹಾಲಹರವಿಯಲ್ಲಿ ನನ್ನ ಮೊದಲ ಮನೆ. ನಾನು ಹೊಡೆಯುವ ಸದ್ದು ಕೇಳಿ ಮೇಸ್ತ್ರಿ ಆಚೆ ಕೋಣೆಯಿಂದಲೇ ಕೇಳಿದರು: "ನಾಗಣ್ಣ, ಗೋಡಿ ಕೆತ್ತಾಕತ್ತೀಯೋ, ಎಮ್ಮಿ ಓಡಸಾಕತ್ತೀಯೋ?"

ನಮ್ಮ ಕಡೆಯ ಹಳೆಯ ಮನೆಗಳ ಗೋಡೆ ಕಲ್ಲಿನದು. ನಡುವೆ ಮಣ್ಣು, ಮೇಲೆ ಗಚ್ಚು. ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ವೈರು ದಾಟಿಸಲು ತೂತು ತೆಗೆಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಉಳಿ ಆಚೆಗೆ ಹೊರಡುವ ಹೊತ್ತಿಗೆ ಗಚ್ಚು ತಟ್ಟೆಯಗಲ ಕಳಚಿ ಬೀಳುತ್ತದೆ. ಅದು ಬೀಳದ ಹಾಗೆ ತೂತು ತೆಗೆದವನೇ ಮೇಸ್ತ್ರಿ. ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಈಚೆಯಿಂದ ಹೊಡೆಯುತ್ತಾನೆ. ಇನ್ನೊಬ್ಬ ಆಚೆ ಕೋಣೆಯಲ್ಲಿ ಒದ್ದೆ ಬಟ್ಟೆಯನ್ನು ಮಡಿಸಿ ಗೋಡೆಗೆ ಇಟ್ಟು ಅದರ ಮೇಲೆ ಅಂಗೈ ಹಾಕಿ ನಿಲ್ಲುತ್ತಾನೆ. ಮೊದಲು ಏಟು ಎಲ್ಲೋ ದೂರದಲ್ಲಿ ಬಿದ್ದಂತೆ ಇರುತ್ತದೆ. ಹತ್ತಿರವಾಗುತ್ತಾ ಬಂದಂತೆ ಅಂಗೈಯ ನಡುವೆ ಒಂದು ಜಾಗದಲ್ಲಿ ಮಾತ್ರ ಕುಟುಕುತ್ತದೆ. ಆಗ ಅವನು ಅಂಗೈಯನ್ನು ಇನ್ನೂ ಬಲವಾಗಿ ಒತ್ತಿ, ಗಚ್ಚು ಬಿಡದಂತೆ ಹಿಡಿದು, "ಸಾಕು" ಎಂದು ಕೂಗುತ್ತಾನೆ. ಈಚೆಯವನು ಎತ್ತಿದ ಸುತ್ತಿಗೆಯನ್ನು ಅಲ್ಲೇ ನಿಲ್ಲಿಸುತ್ತಾನೆ. ಉಳಿದದ್ದನ್ನು ಆಚೆಯವನು ತನ್ನ ಕಡೆಯಿಂದ ಚಿಕ್ಕ ಉಳಿಯಲ್ಲಿ ಬಿಡಿಸಿಕೊಳ್ಳುತ್ತಾನೆ.

ಇದನ್ನು ಹುಡುಗರು ಎರಡು ಸಲ ಓದಬೇಕು. ಉಳಿ ಹತ್ತಿರ ಬಂದಾಗ ನಾವು ಕೈ ತೆಗೆಯುತ್ತಿರಲಿಲ್ಲ, ಒತ್ತುತ್ತಿದ್ದೆವು.

ಈರಣ್ಣ ಮೇಸ್ತ್ರಿಯ ಅಂಗೈ ಆದೋನಿಯ ಎಲ್ಲ ವೈರ್‌ಮನ್ನುಗಳಿಗೂ ಗೊತ್ತಿದ್ದ ಅಂಗೈ. ಮಾಧವರಂನಲ್ಲಿ ಒಬ್ಬ ಯಜಮಾನರ ಹೊಸ ಮನೆ, ಗಚ್ಚು ಇನ್ನೂ ಹಸಿ ವಾಸನೆ ಹೊಡೆಯುತ್ತಿತ್ತು. ಯಜಮಾನರು ನಮ್ಮ ಹಿಂದೆಯೇ ತಿರುಗುತ್ತಿದ್ದರು. ತೂತು ಮುಗಿದ ಮೇಲೆ ಆಚೆ ಕೋಣೆಗೆ ಹೋಗಿ ಗೋಡೆ ಸವರಿ ನೋಡಿದರು. ಬೆರಳು ತೂರುವಷ್ಟೇ ತೂತು, ಸುತ್ತ ಒಂದು ಬಿರುಕೂ ಇಲ್ಲ. ಒಳಗೆ ಹೋಗಿ ಮಜ್ಜಿಗೆಯ ತಂಬಿಗೆ ತಂದು ಮೇಸ್ತ್ರಿಯ ಕೈಗೆ ಕೊಟ್ಟರು. ನನಗೆ ಕೊಡಲಿಲ್ಲ. "ಹೊಡದಾಂವ ನಾನು, ಮಜ್ಜಿಗಿ ನಿಮಗ" ಎಂದೆ. "ಹೊಡ್ಯಾದು ಕತ್ತೆಗೂ ಬರ್ತೈತಿ. ನಿಲ್ಲಿಸಾದು ಬರಬೇಕು" ಎಂದು ಅರ್ಧ ಉಳಿಸಿ ಕೊಟ್ಟರು.

ಮಷಿನ್ನು ಬಂದದ್ದು ಮಿಲ್ಲಿನಿಂದ. ಹಳೆಯ ಮೋಟಾರು ತೆಗೆದು ದೊಡ್ಡದು ಕೂರಿಸುವ ಕೆಲಸ, ಹೊಸ ಕೇಬಲ್ಲು ಎಳೆಯಬೇಕಿತ್ತು. ಮೇಸ್ತ್ರಿ, ನಾನು, ಮೇಸ್ತ್ರಿಯ ತಂಗಿಯ ಮಗ ಹನುಮಂತು, ಮೂವರೂ ಅಲ್ಲಿಗೆ ಹೋಗುತ್ತಿದ್ದೆವು. ಹನುಮಂತು ಆಗ ಗಟ್ಟಿ ತೋಳಿನ ಪ್ರಾಯದವನು, ಕೆಲಸ ಪೂರ್ತಿ ಕಲಿತಿದ್ದ. ಮೇಸ್ತ್ರಿಯ ಮಗಳು ಪದ್ಮಾಳನ್ನು ಅವನಿಗೇ ಕೊಡುವುದೆಂದು ಎರಡು ಮನೆಯಲ್ಲೂ ಮಾತಾಗಿತ್ತು. ಮಿಲ್ಲಿನ ಸೂಪರ್‌ವೈಸರ್ ಪೆಟ್ಟಿಗೆ ಬಿಚ್ಚಿ ಹ್ಯಾಮರ್ ಡ್ರಿಲ್ಲನ್ನು ಮೇಜಿನ ಮೇಲಿಟ್ಟರು. ಅವರದು ಅರ್ಧ ತೆಲುಗು, ಅರ್ಧ ಕನ್ನಡ.

"ಏಂ ಮೇಸ್ತ್ರಿ, ಇಂಕ ನಿನ್ನ ಉಳಿ ಸುತ್ತಿಗಿ ಅಟ್ಟದ ಮ್ಯಾಲ ಹಾಕು."

"ಹಾಕೋಣ ಸಾರ್. ಕರೆಂಟ್ ಹೋದ ದಿನ ಅಟ್ಟ ಯಾರು ಹತ್ತಬೇಕು ಅದೊಂದು ಹೇಳಿಬಿಡ್ರಿ. ನಮ್ಮ ಸುತ್ತಿಗಿ ರೊಟ್ಟಿ ಮ್ಯಾಲ ನಡೀತೈತಿ."

ಸೂಪರ್‌ವೈಸರ್ ನಕ್ಕರು. ಮೇಸ್ತ್ರಿಯೂ ನಕ್ಕರು. ಆದರೆ ಮೊದಲ ತೂತು ತೆಗೆದ ದಿನ ಮೇಸ್ತ್ರಿ ಅದರೊಳಗೆ ಎರಡು ಮೂರು ಸಲ ಬೆರಳು ತೂರಿಸಿ ನೋಡಿದರು. ನಾವು ಇಡೀ ಬೆಳಗ್ಗೆ ಮಾಡುತ್ತಿದ್ದ ಕೆಲಸವನ್ನು ಅದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮಾಡಿತ್ತು. ನನಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಮಣಿಕಟ್ಟು ಊದಲಿಲ್ಲ. ರಾತ್ರಿ ತೋಳು ಹಿಂಡುವಂತೆ ಹೆಂಡತಿಗೆ ಹೇಳಬೇಕಾಗಲಿಲ್ಲ. ಮಷಿನ್ನು ನಮ್ಮ ಕೈಯಿಂದ ಏನನ್ನು ತೆಗೆದುಕೊಂಡಿತು ಎಂಬುದು ಆಮೇಲೆ ತಿಳಿಯುತ್ತಾ ಬಂತು. ಉಳಿ ಮಾತಾಡುತ್ತಿತ್ತು. ಗೋಡೆಯೊಳಗೆ ಹಳೆಯ ಪೈಪು ಇದ್ದರೆ ಟಣ್ ಎಂದು ಹೇಳುತ್ತಿತ್ತು, ಪೊಳ್ಳಿದ್ದರೆ ಬೇರೆ ತರಹ ಹೇಳುತ್ತಿತ್ತು. ಡ್ರಿಲ್ಲಿನ ಹಿಂದೆಯೇ ಬಂದ, ಗೋಡೆಯಲ್ಲಿ ಗೀರು ಕೊರೆಯುವ ಕಟರ್ ಹಾಗೇನೂ ಹೇಳುವುದಿಲ್ಲ. ಒಂದು ಮದುವೆ ಮನೆಯಲ್ಲಿ ನಮ್ಮ ಕಟರು ಹಳೆಯ ಪೈಪಿನೊಳಗಿದ್ದ ವೈರನ್ನು ಸೇರಿಸಿಯೇ ಕತ್ತರಿಸಿಬಿಟ್ಟಿತು. ಕಂಬದ ಫ್ಯೂಜು ಹಾರಿ ಓಣಿಯೆಲ್ಲ ಕತ್ತಲೆ. ಹೆಣ್ಣಿನ ಸೋದರಮಾವ ಬಂದು, "ದೀಪ ಹಚ್ಚಾಕ ಕರೆಸಿದ್ವೋ, ಆರಸಾಕ ಕರೆಸಿದ್ವೋ?" ಎಂದು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಗೋಡೆ ದಾಟಿಸುವ ತೂತಿಗೆ ಮೇಸ್ತ್ರಿ ಆಚೆ ಕಡೆ ನಿಲ್ಲುವುದನ್ನು ಬಿಡಲಿಲ್ಲ. ಸೂಪರ್‌ವೈಸರ್ ಎರಡು ಸಲ ಹೇಳಿದ್ದರು: "ಆಕಡೆ ಮನಿಷಿ ಯಾಕ ಮೇಸ್ತ್ರಿ? ಗಚ್ಚು ಬಿದ್ರ ಬೀಳ್ಲಿ, ಸಿಮೆಂಟ್ ಮೆತ್ತಿಸ್ತೀನಿ." ಅದು ಮೇಸ್ತ್ರಿಗೆ ಹಿಡಿಸಲಿಲ್ಲ. ನನ್ನ ಹತ್ತಿರ ಹೇಳಿದರು: "ಬಿದ್ರ ಮೆತ್ತಿಸ್ತಾನಂತ. ಮೆತ್ತಾದು ಇದ್ರ ನಾವ್ಯಾಕ ಬೇಕು?" ಮಷಿನ್ನು ಓಡುವಾಗ ಅಂಗೈಗೆ ಏನೂ ಸರಿಯಾಗಿ ತಿಳಿಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. "ಗೋಡಿಗೆ ಚಳಿಜ್ವರ ಬಂದಂಗ ಎಲ್ಲಾ ಕಡೀನೂ ನಡಗ್ತೈತಿ. ನೋವು ಎಲ್ಲೈತಿ ಅಂತ ಹೇಳಂಗಿಲ್ಲ" ಎನ್ನುತ್ತಿದ್ದರು. ಹಾಗೆ ಹೇಳಿಯೂ ಒದ್ದೆ ಬಟ್ಟೆ ಮಡಿಸಿಕೊಂಡು ಹೋಗಿ ನಿಲ್ಲುತ್ತಿದ್ದರು.

ಆ ದಿನ ಕೇಬಲ್ಲು ದಾಟಿಸುವ ಕೊನೆಯ ತೂತು. ಜಿನ್ನಿಂಗ್ ಮಷಿನ್ನುಗಳನ್ನು ನಿಲ್ಲಿಸಿದ್ದರು. ಆಫೀಸಿನ ಲೈನಿನಿಂದ ಎಳೆದು ತಂದ ಬೋರ್ಡಿಗೆ ಡ್ರಿಲ್ಲನ್ನು ಸಿಕ್ಕಿಸಿದ್ದೆವು. ಆ ಬೋರ್ಡು ಮೋಟಾರು ಕೋಣೆಯ ಒಳಮೂಲೆಯಲ್ಲಿ, ಹನುಮಂತುವಿನ ಆಚೆಗೆ. ಡ್ರಿಲ್ಲಿನ ಮೂತಿಗೆ ಹೆಬ್ಬೆರಳು ದಪ್ಪದ, ಉದ್ದನೆಯ ಕೊರೆಯುವ ಕಬ್ಬಿಣ, ನಾವು ಬಿಟ್ಟು ಅನ್ನುವುದು. ಹನುಮಂತು ಕಿವಿಗೆ ಹತ್ತಿ ಇಟ್ಟುಕೊಂಡಿರಲಿಲ್ಲ. ಇಟ್ಟುಕೊಂಡಿದ್ದ ಎಂದು ಆಮೇಲೆ ಕೆಲವರು ಹೇಳಿದರು, ಅದು ಸುಳ್ಳು. ಅವನ ಬಲಗಿವಿ ನನಗೆ ಕಾಣುತ್ತಿತ್ತು, ಅದರ ಮೇಲೆ ಬರೀ ಕಲ್ಲಿನ ಪುಡಿ ಇತ್ತು.

ಬಿಟ್ಟು ಕಲ್ಲಿನಲ್ಲಿ ನಿಧಾನವಾಗಿ ಹೋಗುತ್ತಿತ್ತು. ಹನುಮಂತು ಹೆಗಲು ಕೊಟ್ಟು ಒತ್ತುತ್ತಿದ್ದ. ಆ ಗೋಡೆಯಲ್ಲಿ ಕಲ್ಲಿನ ಆಚೆಗೆ ಒಂದು ಗೇಣು ಬರೀ ಮಣ್ಣಿತ್ತೆಂದು ಆಮೇಲೆ ತೂತಿನೊಳಗೆ ನೋಡಿ ತಿಳಿದುಕೊಂಡೆವು. ಕಲ್ಲು ಮುಗಿದೊಡನೆ ಬಿಟ್ಟಿಗೆ ತಡೆಯೇ ಇರಲಿಲ್ಲ. ನಾನು ಬಲಕ್ಕೆ ನೋಡುತ್ತಿದ್ದೆ. ಮೇಸ್ತ್ರಿ ಬಾಯಿ ತೆರೆದರು. ಎಡಗೈಯ ಮೇಲೆ ಬಲಗೈಯನ್ನೂ ಇಟ್ಟು ಒತ್ತಿದರು. ಇಷ್ಟನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಅದರ ಮುಂದಿನದು ಒಂದೇ ಉಸಿರಿನಲ್ಲಿ ಆಯಿತು. ಒದ್ದೆ ಬಟ್ಟೆ ತಿರುಗಿತು. ಬಿಟ್ಟಿನ ತುದಿ ಎಡ ಅಂಗೈಯ ನಡುವಿನಿಂದ ಬಂದು ಬಲಗೈಯ ಚರ್ಮವನ್ನು ತಾಗಿತು.

ನಾನು ಕೂಗಿದೆ. ಹನುಮಂತು ತಿರುಗಲಿಲ್ಲ. ಕೇಬಲ್ಲು ಬಿಸಾಕಿ ಹೋಗಿ ಅವನ ಭುಜ ಹಿಡಿದು ಎಳೆದೆ. ಆಗ ಅವನು ಬೆರಳು ಸಡಿಲಿಸಿದ. ಮಷಿನ್ನು ನಿಂತಿತು. ಮಿಲ್ಲಿನಲ್ಲಿ ಯಾವ ಸದ್ದೂ ಇರಲಿಲ್ಲ. ಗೋಡೆಯ ಆಚೆಯಿಂದ ಮೇಸ್ತ್ರಿ ಮೆಲ್ಲಗೆ, ದಿನಾ ಕೆಲಸ ಹೇಳುವ ದನಿಯಲ್ಲೇ ಅಂದರು: "ಹಿಂದಕ್ಕ ಎಳೀಬ್ಯಾಡ್ರೋ. ಬಿಚ್ಚಿ ತಗೀರಿ."

ನಾವು ಹಾಗೆಯೇ ಮಾಡಿದೆವು. ಮಷಿನ್ನಿನಿಂದ ಬಿಟ್ಟನ್ನು ಬಿಡಿಸಿ, ಈಚೆಯಿಂದ ಕೈಯಲ್ಲೇ ತಿರುಗಿಸುತ್ತಾ ತೆಗೆದದ್ದು ನಾನು. ಆ ತಿರುವು ನನ್ನ ಮಣಿಕಟ್ಟಿನಲ್ಲಿ ಇನ್ನೂ ಇದೆ. ಹನುಮಂತು ಆಚೆ ಹೋಗಿ ಮಾವನನ್ನು ಹಿಂದಿನಿಂದ ತಬ್ಬಿ ಹಿಡಿದಿದ್ದ. ಮಿಲ್ಲಿನ ಜೀಪಿನಲ್ಲಿ ಆಸ್ಪತ್ರೆಗೆ, ಅಲ್ಲಿಂದ ಕರ್ನೂಲಿಗೆ. ಕೈ ಉಳಿಯಿತು. ನಡುವಿನ ಎರಡು ಬೆರಳು ಮತ್ತೆ ಮಡಚಲಿಲ್ಲ.

ಸೂಪರ್‌ವೈಸರ್ ಗೋದಾಮಿನ ಹೆಂಗಸರನ್ನೆಲ್ಲ ಜೀಪು ಹೊರಟ ಹೊತ್ತಿಗೇ ಮನೆಗೆ ಕಳಿಸಿದ್ದರು. 'ಕೆಲಸಗಾರನೇ ಕೈ ಅಡ್ಡ ಇಟ್ಟ' ಎಂದು ಮೇಲಿನವರಿಗೆ ಹೇಳಿದರು. ಅದೂ ಸುಳ್ಳಲ್ಲ. ಹಾಗೆ ಹೇಳುವುದೇ ಅನ್ಯಾಯ ಅನ್ನಿಸಿದರೂ ಅದು ಸುಳ್ಳಲ್ಲ.

ಬಜಾರಿನಲ್ಲಿ ಮಾತು ಎರಡಾಯಿತು. ಒಂದು ಮಾತು ಹನುಮಂತುವಿನ ಮೇಲೆ: ಮೇಸ್ತ್ರಿ 'ಸಾಕು' ಎಂದು ಕೂಗಿದರೂ ಈ ಹುಡುಗ ಒಂದೇ ಏಟಿಗೆ ತೂತು ತೆಗೆದು ತೋರಿಸಬೇಕೆಂದು ಒತ್ತಿದ. ಇನ್ನೊಂದು ಮಾತು ಮೇಸ್ತ್ರಿಯ ಮೇಲೆ: ಅವರು ಕೂಗಲೇ ಇಲ್ಲ, ವಯಸ್ಸಾಯಿತು, ಅಂಗೈ ಸತ್ತಿತ್ತು. ಎರಡೂ ಮಾತು ಒಂದೇ ಪ್ರಶ್ನೆಯ ಮೇಲೆ ನಿಂತಿದ್ದವು. ಮೇಸ್ತ್ರಿ ಕೂಗಿದರೇ, ಇಲ್ಲವೇ? ಕೂಗಿದರು ಎಂದರೆ ಹನುಮಂತುವಿನ ಹೆಸರು ಹೋಗುತ್ತದೆ. ಇಲ್ಲ ಎಂದರೆ ಮೇಸ್ತ್ರಿಯದು.

ಮೇಸ್ತ್ರಿಯ ಹೆಂಡತಿ ಲಕ್ಷ್ಮಕ್ಕ ಮೊದಲನೆಯ ಮಾತನ್ನು ನಂಬಿದ್ದಳು. ಮಗಳನ್ನು ಕೊಡುವುದಿಲ್ಲ ಎಂದು ನಾದಿನಿಗೆ ಹೇಳಿ ಕಳಿಸಿದಳು. ಹನುಮಂತು ಅವರ ಮನೆಯ ಓಣಿಗೂ ಬರುತ್ತಿರಲಿಲ್ಲ. ಮಷಿನ್ನು ಮುಟ್ಟುತ್ತಿರಲಿಲ್ಲ. ಮೇಸ್ತ್ರಿ ಕರ್ನೂಲಿನಿಂದ ಬಂದ ಮೇಲೆ ಲಕ್ಷ್ಮಕ್ಕ ನನ್ನನ್ನು ಕರೆಸಿದಳು. ಮೇಸ್ತ್ರಿ ಮಂಚದ ಮೇಲೆ, ಎದೆಗೆ ಕಟ್ಟಿದ ಕೈ. ಪದ್ಮಾ ಅಡುಗೆ ಕೋಣೆಯ ಬಾಗಿಲಲ್ಲಿ.

"ನಾಗಣ್ಣ, ದೇವರ ಮುಂದ ನಿಂತಂಗ ಹೇಳು. ಇವ್ರು ಕೂಗಿದ್ರೋ ಇಲ್ಲೋ?"

"ಬಾಯಿ ತೆಗದದ್ದು ನೋಡೀನಿ ಅಕ್ಕ."

"ನಾ ಕೇಳಿದ್ದು ಅದನ್ನಲ್ಲ. ಆಕಳಿಸಿದ್ರೂ ಬಾಯಿ ತಗೀತಾರ."

"ಕೇಳಿಸಲಿಲ್ಲ."

"ಯಾರಿಗೆ? ಆ ಶೂರನಿಗೋ, ನಿನಗೋ?"

"ನನಗೂ ಕೇಳಿಸಲಿಲ್ಲ."

ಮೇಸ್ತ್ರಿ ಮಂಚದಿಂದ ಅಂದರು: "ಕೂಗೀನಲ್ಲೇ. ನಾ ಕೂಗಿದ್ದು ನನಗ ಗೊತ್ತಿಲ್ಲೇನು?"

"ನೀವು ಸುಮ್ನಿರ್ರಿ. ತಂಗಿ ಮಗ ಅಂದ್ರ ನಿಮಗ ಹಾವು ಕಡದ್ರೂ ಇರಿವಿ ಕಡದಂಗ."

"ಅಂವಗ ಕೇಳಿಸಿಲ್ಲ ಅಂತ ಹೇಳಾಕತ್ತೀನಿ."

"ಗೋಡಿ ಆಚೆ ನಿಂತಾವಗ ಕೇಳಂಗಿಲ್ಲೇನು? ನಲವತ್ತು ಮನಿ ವೈರಿಂಗ್ ಮಾಡೀರಿ, ಎಲ್ಲಾರಿಗೂ ಕೇಳ್ತಿತ್ತು, ಅವತ್ತು ಇಂವಗ ಒಬ್ಬಾಂವಗ ಕೇಳಲಿಲ್ಲ."

ಲಕ್ಷ್ಮಕ್ಕನ ತಪ್ಪಿಲ್ಲ. ಆಕೆ ನಮ್ಮ ಕೆಲಸ ನೋಡಿದ್ದು ಉಳಿಯ ಕಾಲದಲ್ಲಿ. ಕೆಲಸದ ಮನೆಗೆ ಬುತ್ತಿ ತಂದು, ಅಲ್ಲಿನ ಅಡುಗೆಮನೆಯಲ್ಲಿ ಕೂತು ಗಂಡ 'ಸಾಕು' ಅನ್ನುವುದನ್ನು, ಸುತ್ತಿಗೆ ನಿಲ್ಲುವುದನ್ನು ಎಷ್ಟೋ ಸಲ ಕೇಳಿದವಳು.

ಮೇಸ್ತ್ರಿ ಮಂಚದ ಮೇಲೆ ಎದ್ದು ಕೂತರು. ಆಮೇಲೆ, "ನಾಗಣ್ಣ, ಆ ಮಷಿನ್ ತರಾಕ ಆಗ್ತೈತೇನು ನೋಡು" ಎಂದರು.

ಮಿಲ್ಲಿನವರನ್ನು ಕೇಳಿ ಮರುದಿನ ತಂದೆ. ಹನುಮಂತುವನ್ನೂ ಕರೆದುಕೊಂಡು ಬಂದೆ. ಅವನು ಒಳಗೆ ಬರಲಿಲ್ಲ, ಬೇವಿನ ಮರದ ಕೆಳಗೆ ನಿಂತ. ಮೇಸ್ತ್ರಿ ನನಗೆ ಹೊರಗಡೆ ಗೋಡೆಯಲ್ಲಿ ಒಂದು ಕಲ್ಲು ತೋರಿಸಿ, "ಇಲ್ಲಿ ಹೊಡಿ. ನಾಲ್ಕು ಬೆರಳು ಮಾತ್ರ ಒಳಗ ಹೋಗ್ಲಿ, ಅದಕ್ಕ ಮ್ಯಾಲ ಬ್ಯಾಡ. ಎಲ್ಲಿ ಹೊಡೀತೀ ಅಂತ ಆಕಿಗೆ ಹೇಳಬ್ಯಾಡ. ನಾ ಸಾಕು ಅಂದಾಗ ನಿಲ್ಲಿಸು" ಎಂದರು. ಲಕ್ಷ್ಮಕ್ಕನನ್ನು ಒಳಗೆ ಕರೆದೊಯ್ದು ಗೋಡೆಗೆ ಅಂಗೈ ಇಡಿಸಿದರು.

ಒಳಗೆ ಏನಾಯಿತೋ ನಾನು ನೋಡಿಲ್ಲ. ನಾನು ನೋಡಿದ್ದು ನನ್ನ ಮುಂದಿನ ಕಲ್ಲು, ಅದರಿಂದ ಉದುರುವ ಪುಡಿ. ಕಿವಿ ಚುರುಕಾಗಿಟ್ಟುಕೊಂಡಿದ್ದೆ. ನಾಲ್ಕು ಬೆರಳು ಹೋಯಿತು. 'ಸಾಕು' ಬರಲಿಲ್ಲ. ಬಿಟ್ಟನ್ನು ಸ್ವಲ್ಪ ಹಿಂದಕ್ಕೆ ಎಳೆದು ಅಲ್ಲೇ ತಿರುಗಿಸುತ್ತಾ ನಿಂತೆ. ಇನ್ನೂ ಬರಲಿಲ್ಲ. ಮೇಸ್ತ್ರಿ ಮರೆತರೇನೋ ಅಂದುಕೊಂಡೆ. ಯಾರೋ ಅಂಗಿ ಹಿಡಿದು ಜಗ್ಗಿದರು. ತಿರುಗಿದರೆ ಪದ್ಮಾ. ನಿಲ್ಲಿಸಿದೆ.

"ಎಷ್ಟೊತ್ತಾತು ಮಾಮಾ, ಅಪ್ಪ ಕೂಗಾಕತ್ತಿದ್ದ. ಆಮ್ಯಾಲ ಅವ್ವನೂ ಕೂಗಿದ್ಲು. ನಿಮಗ ಕೇಳಲಿಲ್ಲೇನು?"

"ಇಲ್ಲವ್ವಾ."

ಒಳಗೆ ಹೋದೆ. ಲಕ್ಷ್ಮಕ್ಕನ ಅಂಗೈ ಇನ್ನೂ ಗೋಡೆಯ ಮೇಲೇ ಇತ್ತು. ನಾನು ಹೊಡೆದ ಜಾಗಕ್ಕೂ ಅದಕ್ಕೂ ಒಂದು ಮಾರು ದೂರ. ಅಲ್ಲೇ ಮಷಿನ್ನು ಇದೆ ಎಂದು ಆಕೆ ತೋರಿಸಿದ್ದಳಂತೆ. ಕೂಗಿ ಕೂಗಿ ಮೇಸ್ತ್ರಿಯ ಗಂಟಲು ಒಡೆದಿತ್ತು. ಲಕ್ಷ್ಮಕ್ಕ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಬಾಗಿಲಿಗೆ ಬಂದು ಬೇವಿನ ಮರದ ಕಡೆ ನೋಡಿ, ನನ್ನನ್ನು ಕೇಳಿದಳು:

"ಅಂವ ಉಂಡಾನೇನು?"

"ಗೊತ್ತಿಲ್ಲ ಅಕ್ಕ."

"ಒಳಗ ಬಾ ಅನ್ನು. ಬಿಸಲಾಗ ಯಾಕ ನಿಂತಾನ."

ಹನುಮಂತುವಿಗೂ ಪದ್ಮಾಗೂ ಮದುವೆಯಾಯಿತು. ಇಷ್ಟರಿಂದ ಹನುಮಂತುವಿನ ಹೆಸರು ಉಳಿಯಿತು. ಮೇಸ್ತ್ರಿಯದು ಉಳಿಯಲಿಲ್ಲ. ಕೂಗಿದರೂ ಕೇಳುತ್ತಿರಲಿಲ್ಲ ಎಂಬುದನ್ನು ಆ ಗೋಡೆ ತೋರಿಸಿತು. ಅವರು ಕೂಗಿದ್ದರು ಎಂಬುದನ್ನು ತೋರಿಸಲಿಲ್ಲ. ನಮ್ಮ ಕೆಲಸದವರು ಚಹಾದಂಗಡಿಯಲ್ಲಿ ಹೇಳುತ್ತಲೇ ಇದ್ದರು: "ಈರಣ್ಣ ಕೂಗಿರಂಗಿಲ್ಲ ಬಿಡ್ರಿ. ಬಿಟ್ಟು ಚುಚ್ಚಿದ ಮ್ಯಾಲ ಬಾಯಿ ತಗದಿರಬೇಕು, ನೋವಿಗೆ." ಆಚೆ ನಿಂತವನು ಹೊತ್ತಿಗೆ ಸರಿಯಾಗಿ ಕೂಗಲಿಲ್ಲ ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಮೇಸ್ತ್ರಿ ನನ್ನನ್ನು ಒಮ್ಮೆ ಕೇಳಿದರು. ಚೀಲ ಹೊರುವುದನ್ನು ಬಿಟ್ಟ ಮೇಲೆ ನಾವು ಕೆಲಸ ಮಾಡುವಲ್ಲಿಗೆ ಬಂದು ಸುಮ್ಮನೆ ಕೂತಿರುತ್ತಿದ್ದರು.

"ನೀನರ ಹೇಳು ನಾಗಣ್ಣ. ನಾ ಬಾಯಿ ತಗದಿದ್ದು ಮೊದಲೋ, ಅದು ಬಂದಿದ್ದು ಮೊದಲೋ?"

ಮೊದಲು ಬಾಯಿ ಎಂದೇ ನನಗೆ ಅನ್ನಿಸುತ್ತದೆ. ಆದರೆ ಬಾಯಿ, ಬಲಗೈ, ಬಟ್ಟೆ ತಿರುಗಿದ್ದು, ಎಲ್ಲ ಒಂದೇ ಉಸಿರು. ಬಿಟ್ಟಿನ ತುದಿ ಅಂಗೈಯ ಹಿಂಬದಿಯಿಂದ ಹೊರಗೆ ಬಂದದ್ದನ್ನಷ್ಟೇ ನಾನು ನೋಡಿದವನು. ಒಳಗೆ ಗಚ್ಚು ದಾಟಿ ಅಂಗೈಗೆ ತಾಗಿದ್ದು ಯಾವಾಗ ಎಂದು ನನಗೆ ಕಾಣುವಂತಿರಲಿಲ್ಲ. ಇರುವಷ್ಟನ್ನೇ ಹೇಳಿದೆ.

"ಬಾಯಿ ತಗದಿದ್ದು ಕಂಡೆ ಮೇಸ್ತ್ರಿ. ಯಾಕ ತಗದ್ರಿ ಅಂತ ನಾ ಆಣಿ ಮಾಡಿ ಹೇಳಲಾರೆ."

"ಹೂಂ" ಎಂದರು. ಮತ್ತೆ ಕೇಳಲಿಲ್ಲ. ಬಲಗೈಯಲ್ಲಿ ಎಡಗೈಯ ಮಡಚದ ಬೆರಳುಗಳನ್ನು ಮಡಚಲು ನೋಡುತ್ತಾ ಕೂತರು. ಒಂದು ಸುಳ್ಳು ಹೇಳಬಹುದಿತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹೇಳಿದ್ದರೆ ಅವರು ನಂಬುತ್ತಿರಲಿಲ್ಲ. ನನಗೆ ಕೆಲಸ ಕಲಿಸಿದವರು ಅವರೇ.

ಆಮೇಲೆ ನಾವು ಹಗ್ಗ ಇಟ್ಟುಕೊಂಡೆವು. ಡ್ರಿಲ್ಲು ಹಿಡಿದವನ ಸೊಂಟಕ್ಕೆ ಹಗ್ಗದ ಒಂದು ತುದಿ, ಬಾಗಿಲಿನಿಂದ ಹಾಯಿಸಿ ಇನ್ನೊಂದು ತುದಿ ಆಚೆಯವನ ಕೈಗೆ. ಅವನು ಗೋಡೆ ಮುಟ್ಟಕೂಡದು, ನೋಡಬೇಕು, ಗಚ್ಚು ಉಬ್ಬಿದರೆ ಜಗ್ಗಬೇಕು. ಹಗ್ಗದ ಆಲೋಚನೆ ಹನುಮಂತುವಿನದು. ಕೆಲವು ವರ್ಷ ನಡೆಯಿತು. ಆಮೇಲೆ ಆಚೆ ಕಡೆ ಮನುಷ್ಯನನ್ನು ನಿಲ್ಲಿಸುವುದೇ ನಿಂತುಹೋಯಿತು. ಗಚ್ಚು ಬಿದ್ದರೆ ಪುಟ್ಟಿ ಮೆತ್ತುತ್ತಾರೆ. ಸೂಪರ್‌ವೈಸರ್ ಹೇಳಿದ್ದೇ ಸರಿಯಾಯಿತು. ಹನುಮಂತು ಫ್ಯಾನು ಮೋಟಾರು ರಿಪೇರಿಯ ಅಂಗಡಿ ಹಾಕಿಕೊಂಡ. ಗೋಡೆ ಕೆಲಸಕ್ಕೆ ಮತ್ತೆ ಬರಲಿಲ್ಲ. ಈಗಿನ ಹುಡುಗರು ಬ್ಯಾಟರಿ ಡ್ರಿಲ್ಲು ಹಿಡಿದು, ಕಿವಿಗೆ ಹಾಡು ಸಿಕ್ಕಿಸಿಕೊಂಡು ತೂತು ತೆಗೆಯುತ್ತಾರೆ. ಗೋಡೆಯೊಳಗೆ ವೈರು ಎಲ್ಲಿದೆ ಎಂದು ತೋರಿಸುವ ಯಂತ್ರವೂ ಬಂದಿದೆ. ಒಳ್ಳೆಯದೇ. ಗೋಡೆಯ ಆಚೆ ಯಾರಿದ್ದಾರೆ ಎಂದು ತೋರಿಸುವುದು ಇನ್ನೂ ಬಂದಿಲ್ಲ. ಆದ್ದರಿಂದ ಡ್ರಿಲ್ಲನ್ನು ಗೋಡೆಗೆ ಇಡುವ ಮುಂಚೆ ಒಮ್ಮೆ ಆಚೆ ಹೋಗಿ ನೋಡಿ ಬನ್ನಿ. ನನ್ನಿಂದ ನಿಮಗೆ ಇರುವ ಪಾಠ ಇಷ್ಟೇ.

ಹೋದ ವರ್ಷ ನೆಂಟರ ಮನೆಗೆಂದು ಚಿಪ್ಪಗಿರಿ ಕಡೆ ಹೋಗಿದ್ದೆ. ಮೇಸ್ತ್ರಿ ತೀರಿಕೊಂಡು ಆಗಲೇ ಬಹಳ ದಿನಗಳಾಗಿದ್ದವು. ಶೇರ್ ಆಟೋದಲ್ಲಿ ನನ್ನ ಎದುರಿಗೆ ಕೂತಿದ್ದ ಒಬ್ಬ ಮುದುಕಿ ನನ್ನ ನಡುಗುವ ಕೈಯನ್ನು ನೋಡುತ್ತಿದ್ದಳು.

"ಏನಾಗೈತಣ್ಣಾ ಕೈಗೆ?"

"ಮಷಿನ್ ಹಿಡದು ಹಿಡದು ಹಿಂಗಾಗೈತವ್ವಾ. ಕರೆಂಟ್ ಕೆಲಸ."

"ಪುಣ್ಯಾತ್ಮ, ನಿನ್ನದು ಕೈಯರ ಉಳದೈತಿ. ನಾ ಆದೋನ್ಯಾಗ ಮಿಲ್ಲಿಗೆ ಹೋಗ್ತಿದ್ದಾಗ ಒಬ್ರ ಕೈಯಾಗ ಗೋಡ್ಯಾಗಿಂದ ಕಬ್ಬಿಣ ಬಂದಿದ್ದು ನೋಡೀನಿ. ಅವತ್ತಿಂದ ಗೋಡಿಗೆ ಒರಗಿ ಕೂತಿಲ್ಲ."

ನಾನು ಮುಂದಕ್ಕೆ ಬಾಗಿ ಆಕೆಯ ಮುಖ ನೋಡಿದೆ. ಹತ್ತಿ ಆರಿಸುತ್ತಿದ್ದ ಹೆಂಗಸು. ಇಷ್ಟು ವರ್ಷ ಆ ದಿನದ ಮಾತು ಹೇಳುವಾಗಲೆಲ್ಲ ನಾನು ಆಕೆಯನ್ನೂ ಹೇಳುತ್ತಿದ್ದೆ, ನೆಲದ ಮೇಲಿನ ಹತ್ತಿಯ ರಾಶಿಯನ್ನು ಹೇಳಿದ ಹಾಗೆ. ಆಕೆಯನ್ನು ಕೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

"ಅವರು ಏನರ ಅಂದ್ರೇನು, ಅದಕ್ಕ ಮೊದಲು?" ಎಂದು ಕೇಳಿದೆ. ಮೇಸ್ತ್ರಿ ಕೂಗುತ್ತಿದ್ದ ಮಾತನ್ನು ನಾನು ಬಾಯಿಗೆ ತರಲಿಲ್ಲ. ತಂದರೆ ಆಕೆಯ ಬಾಯಿಗೆ ನಾನೇ ಇಟ್ಟಂತಾಗುತ್ತದೆ.

"ಸಾಕು ಅಂದ್ರು. ನಾ ನನಗ ಅಂದ್ರು ಅಂತ ತಿಳದೆ. ಹತ್ತಿ ಧೂಳು ಏಳಾಕತ್ತಿತ್ತು, ಅದಕ್ಕ ಬೈದ್ರೇನೋ ಅಂತ ಕೈ ನಿಲ್ಲಿಸಿ ಮ್ಯಾಲ ನೋಡಿದೆ. ನೋಡಾಕತ್ತಿದ್ದಂಗ ಗಚ್ಚು ಉಬ್ಬಿ ಬಟ್ಟಿ ತಿರಗಿತು. ಆಮ್ಯಾಲ ಕಬ್ಬಿಣ ಬಂತು."

ಆಟೋ ನಿಂತಾಗ ಆಕೆ ಇಳಿದಳು. ನಾನೂ ಅಲ್ಲೇ ಇಳಿದೆ. ಆಕೆಯ ಹೆಸರು ಕೇಳಿದೆ, ಮನೆ ನೋಡಿಕೊಂಡೆ. ಮರುದಿನ ಆದೋನಿಗೆ ಬಂದು ಹನುಮಂತುವಿನ ಅಂಗಡಿಗೆ ಹೋಗಿ ಹೇಳಿದೆ. ಅವನು ಕೈಯಲ್ಲಿದ್ದ ಫ್ಯಾನನ್ನು ಕೆಳಗಿಟ್ಟು ಒಳಗೆ ಹೋಗಿ ಪದ್ಮಾಳನ್ನು ಕರೆದು, "ಇನ್ನೊಂದ್ಸಲ ಹೇಳ್ರಿ" ಎಂದ. ಇನ್ನೊಂದು ಸಲ ಹೇಳಿದೆ.

ಈರಣ್ಣ ಮೇಸ್ತ್ರಿ ಇಲ್ಲ, ಲಕ್ಷ್ಮಕ್ಕ ಇಲ್ಲ. ಸೂಪರ್‌ವೈಸರ್ ಎಲ್ಲಿದ್ದಾರೋ ತಿಳಿಯದು, ಇದ್ದರೂ ಅವರು ಆ ಹೊತ್ತಿಗೆ ಅಲ್ಲಿರಲಿಲ್ಲ. ಹನುಮಂತು ಇದ್ದಾನೆ, ಆದರೆ ಅವನು ನೋಡಿದ್ದು ಗೋಡೆಯನ್ನು. ನಾನಿದ್ದೇನೆ, ನಾನು ನೋಡಿದ್ದು ತೆರೆದ ಬಾಯಿಯನ್ನು. ಆ 'ಸಾಕು' ಕೇಳಿಸಿಕೊಂಡವಳು ನರಸಮ್ಮ. ಚಿಪ್ಪಗಿರಿ ಮಂಡಲದವಳು, ಊರ ಬಾವಿಯ ಹಿಂದಿನ ಸಾಲಿನ ಮನೆ. ಆಕೆ ಇನ್ನೂ ಇದ್ದಾಳೆ.